ಚೂರಿ ಗುರುತಿನ ಪದ

ಆಂಟೆ ಅಂದರೆ ಮುಂಚೆ, ಲೂಕ್ಸ್ ಅಂದರೆ ಬೆಳಕು.
ಎರಡೂ ಕೂಡಿ ಆಂಟೆಲೂಕಾನುಸ್:
ಬೆಳಕಿಗೆ ಮುಂಚಿನದು.
ನಾವು ನಸುಕು ಅನ್ನುತ್ತೇವೆ. ಆದರೆ ನಸುಕಿಗೆ
ಹನಿಯಷ್ಟು ಹಾಲು ಆಗಲೇ ಬಿದ್ದಿರುತ್ತದೆ.
ಇದು ಅದಕ್ಕೂ ಹಿಂದಿನ ಗಟ್ಟಿ ಕಪ್ಪು.

ರೋಮಿನಲ್ಲಿ ಈ ಪದ ಬೀದಿಯಲ್ಲೇ ಇತ್ತು.
ದೀಪದ ಕುಡಿ ಚಿವುಟಿ ಕುಲುಮೆ ಊದಲು ಕೂತವನ
ದುಡಿಮೆಗೂ ಅದೇ,
ರಾತ್ರಿಯೆಲ್ಲ ಕುಡಿದು ಗೋಡೆ ತಡವಿಕೊಂಡು ಹೊರಟ
ಧಣಿಯ ಔತಣಕ್ಕೂ ಅದೇ.
ಒಂದೇ ಓಣಿ. ಒಬ್ಬ ಏಳುತ್ತಿದ್ದ, ಒಬ್ಬ ಬೀಳುತ್ತಿದ್ದ.
ಪದಕ್ಕೇನು, ಇಬ್ಬರಿಗೂ ದಾರಿ ಬಿಟ್ಟು ನಿಂತಿತು.

ಶತಮಾನಗಳು ಕಳೆದು ಇಂಗ್ಲಿಷಿಗೆ ಬಂದಾಗ
ಬಾಲ ಕತ್ತರಿಸಿಕೊಂಡು ಆಂಟಿಲೂಕನ್ ಆಗಿತ್ತು.
ಕುಲುಮೆಯ ಮಸಿ ಯಾರೋ ತೊಳೆದಿದ್ದರು.
ದ್ರಾಕ್ಷಾರಸದ ವಾಸನೆಯೂ ಇಲ್ಲ.
ಪಾದ್ರಿಗಳ ನಾಲಿಗೆಗೆ ಸಿಕ್ಕಿ ಪ್ರವಚನದ ಮಾತಾಯಿತು:
ರಾಜಭಟರಿಗೆ ಹೆದರಿ ಕತ್ತಲಲ್ಲೇ ಕೂಡಿ ಹಾಡಿದ
ಮೊದಮೊದಲ ಭಕ್ತರ ಪ್ರಾರ್ಥನೆ ಎಂದು.
ಹೇಳಿದ್ದು ಮಾತ್ರ ಹನ್ನೊಂದು ಗಂಟೆಗೆ,
ಬಣ್ಣದ ಗಾಜಿನಿಂದ ಬಿಸಿಲು ಕೆಂಪಾಗಿ ಇಳಿಯುವಾಗ.
ಕೇಳಿದವರು ತಲೆದೂಗಿದರು.
ಮನೆಗೆ ಒಯ್ದವರಿಲ್ಲ.
ಸೇದದ ಬಾವಿಯ ಹಾಗೆ ಪದಕ್ಕೂ ಪಾಚಿ ಕಟ್ಟಿತು.

ಯಾರ್ಕ್‌ಷೈರಿನ ಕಡಲಂಚು, ೧೮೮೨ರ ಜನವರಿ.
ಯೂಫೀಮಿಯಾ ಸೋವರ್ಬಿ, ಪಾದ್ರಿಯ ತಂಗಿ, ವಿಧವೆ,
ದೂರದ ನಿಘಂಟುಕಾರರಿಗಾಗಿ ಹಳೆಯ ಪುಸ್ತಕಗಳಿಂದ
ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಪದ ಆರಿಸುವವಳು.
ಕೂಲಿಯಿಲ್ಲ. ಅಂಚೆಯ ಖರ್ಚೂ ಅವಳದೇ.
ಬೆಳಗಿನ ಹತ್ತು ಗಂಟೆ, ಬೆಂಕಿಯ ಪಕ್ಕ, ಮಂಡಿಗೆ ಶಾಲು.
ಇಲಿ ತಿಂದ ಪ್ರವಚನದ ಹಾಳೆಯಲ್ಲಿ ಅದು ಸಿಕ್ಕಿತು.
ಚೀಟಿಯ ಎಡಮೂಲೆಯಲ್ಲಿ ಪದ,
ಕೆಳಗೆ ವಾಕ್ಯ, ಪುಟ, ವರ್ಷ.
ಬಳಕೆ ತಪ್ಪಿದ ಪದದ ಎಡಕ್ಕೆ ಅಚ್ಚಿನವರು
ಶಿಲುಬೆಯಂಥ ಒಂದು ಗುರುತು ಇಡುತ್ತಾರೆ,
ಅದರ ಹೆಸರು ಮಾತ್ರ ಚೂರಿ.
ಯಾರು ಕೊಂದರೋ, ಅಂದುಕೊಂಡಳು.
ಉತ್ತರವೇನೂ ಬೇಕಿರಲಿಲ್ಲ.

ಆಗ ಕಲ್ಲಿದ್ದಲ ಬಕೀಟು ಹಿಡಿದು ಬಂದಳು ಟೇಮರ್ ವೆರಿಲ್.
ಹದಿನಾಲ್ಕು ವರ್ಷ. ಬೆರಳ ಸಂದಿಗೆ ಸೋಪು ಸೋತಿದೆ.
ನಾಲ್ಕಕ್ಕೆ ಎದ್ದು, ಐದು ಒಲೆ ಉಜ್ಜಿ, ಹೊತ್ತಿಸಿ,
ಆಮೇಲೆ ನೀರು ಕಾಯಿಸುವವಳು.
ಅವಳವ್ವ ಇನ್ನೂ ಮುಂಚೆ,
ಕಡಲು ಹಿಂದೆ ಸರಿದ ಹೊತ್ತು ನೋಡಿ ಲಾಟೀನು ಹಿಡಿದು
ಬಂಡೆ ಕಚ್ಚಿದ ಚಿಪ್ಪು ಕೀಳುವವಳು,
ಅಪ್ಪನ ಗಾಳಕ್ಕೆ.
ಮನೆಮಂದಿಯೆಲ್ಲ ಆ ಪದದೊಳಗೇ ಸಂಸಾರ ಹೂಡಿದವರು,
ಬಾಗಿಲ ಮೇಲಿನ ಹೆಸರು ಓದಲು ಬಾರದೆ.

"ಟೇಮರ್, ನೀನು ಏಳುವ ಹೊತ್ತಿಗೆ ನಿಮ್ಮ ಕಡೆ ಏನಂತಾರೆ?"
ಹುಡುಗಿ ಬಕೀಟು ಇಳಿಸಿದಳು.
ತಡವಾಯಿತೆಂದು ಬೈಗುಳದ ಪೀಠಿಕೆಯೋ ಏನೋ.
"ಅದಕ್ಕೇನು ಹೆಸರು, ಅಮ್ಮಾವ್ರೇ.
ಚಳಿ ಅಂತೀವಿ."

ಯೂಫೀಮಿಯಾ ನಗಲು ಹೋಗಿ ನಗಲಿಲ್ಲ.
ಲೇಖನಿ ಎತ್ತಿದ್ದಳು. ಆದರೆ ಇದಕ್ಕೆ
ಪುಟ ಯಾವುದು, ವರ್ಷ ಯಾವುದು,
ಹೊಗೆ ಕಾರುವ ಬಾಯಿಮಾತಿಗೆ ಸಾಕ್ಷಿ ಯಾರು?
ಎತ್ತಿ ಹಿಡಿದಂತೆಯೇ ಒಂದು ತೊಟ್ಟು ಶಾಯಿ
ಉದುರಿ ಪದದ ಮೇಲೆ ಬಿತ್ತು,
ಸರಿಯಾಗಿ ಬೆಳಕು ಇದ್ದ ಕಡೆ.
ಬೇರೆ ಚೀಟಿ ಬರೆದು ಅಂಚೆಗೆ ಹಾಕಿಸಿದಳು.
ಕೆಟ್ಟದ್ದು ಬುಟ್ಟಿಗೆ.

ಮರುದಿನ ನಾಲ್ಕು. ಕಿಟಕಿಯ ಒಳಮೈಗೂ ಹಿಮ.
ಟೇಮರ್ ಮಂಡಿಯೂರಿ ಬುಟ್ಟಿ ಬಗ್ಗಿಸಿದಳು:
ಹಳೆಯ ಪತ್ರಿಕೆ, ಸೌದೆಯ ಚಕ್ಕೆ, ಮೇಲೆ ಆ ಚೀಟಿ.
ಪತ್ರಿಕೆ ಭಗ್ಗೆಂದು ಮುಗಿದೇ ಹೋಯಿತು.
ಚೀಟಿ ಒಳ್ಳೆಯ ಕಾಗದ, ದಪ್ಪ.
ಮೂಲೆ ಮಾತ್ರ ಕೆಂಪಗೆ ಮಾಡಿಕೊಂಡು
ಮುನಿಸಿಕೊಂಡವರ ಹಾಗೆ ಕೂತಿತು.
ಅವಳು ಕೆನ್ನೆ ನೆಲಕ್ಕಿಟ್ಟು ಊದಿದಳು.
ಇನ್ನೊಂದು ಸಲ.