ನೆರಳು, ಒಂದು ಲೋಟ

ಕುಂಬಳೆ ಸ್ಟೇಷನ್ನಿನ ಎದುರು
ಮಮ್ಮುಂಞಿಚ್ಚನ ಅಂಗಡಿಯಲ್ಲಿ
ಕುಡಿಯುವುದಕ್ಕೆ ಇರುವುದು ಐದೇ ಮಾತು:
ಕಟ್ಟನ್, ಸ್ಟ್ರಾಂಗ್, ಲೈಟ್, ವಿತ್ತೌಟ್,
ಮತ್ತೆ, ಅದೇ.
ಅದೇ ಅಂದರೆ ನಿನ್ನೆ ಕುಡಿದದ್ದು.

ಹದಿನಾರು ತಿಂಗಳ ಮೇಲೆ ಬಂದು ಕೂತು
ಅದೇ ಅಂದೆ.
ಅವರು ತಲೆಯೆತ್ತಲಿಲ್ಲ.
ಸಕ್ಕರೆ ಮುಕ್ಕಾಲು ಚಮಚ, ನೊರೆ ಕಡಿಮೆ.
ಲೋಟ ಇಟ್ಟ ಮೇಲೆ ಕೇಳಿದರು:
"ಅಲ್ಲಿ ಎಂತ ಕುಡೀತಿದ್ದೆ ಜಲಜಾಕ್ಷಿ?"

ಹೇಗೆ ಹೇಳಲಿ.
ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ,
ಶಾಲೆಯಲ್ಲಿ ಕನ್ನಡ, ಬೇಲಿಯಾಚೆ ಕೊಂಕಣಿ,
ಈ ಬೆಂಚಿನ ಮೇಲೆ ಬ್ಯಾರಿ.
ಇಷ್ಟು ನಾಲಗೆ ಕಟ್ಟಿಕೊಂಡು ಹೋದವಳು
ಮಾಲಗಾದ ಮೊದಲ ಬೆಳಗ್ಗೆ
ಕಫೇ ಅಂದೆ. ಒಂದೇ ಪದ, ಭಾರೀ ಧೈರ್ಯ.
ಬಂತು ಹೆಬ್ಬೆರಳಷ್ಟು ಬಟ್ಟಲು,
ತಳದಲ್ಲಿ ಕಾಗೆಯ ಕಣ್ಣಿನಷ್ಟು ಕಪ್ಪು.
ಹಾಲು ಎಲ್ಲಿ ಎಂದು ಕೇಳಲು
ಹಾಲಿಗೆ ಏನೆನ್ನುತ್ತಾರೋ ಗೊತ್ತಿಲ್ಲ.
ಕಷಾಯ ಕುಡಿಸುವಾಗ ಅಮ್ಮ ಮೂಗು ಹಿಡಿಯುತ್ತಿದ್ದಳಲ್ಲ,
ಅಲ್ಲಿ ಹಿಡಿಯುವವರಿಲ್ಲ. ಕುಡಿದೆ.

ಆ ಅಂಗಡಿಯ ಗೋಡೆಯಲ್ಲಿ ಹತ್ತು ಲೋಟದ ಚಿತ್ರ.
ಒಂದೊಂದರಲ್ಲೂ ಕಪ್ಪು ಒಂದೊಂದು ಎತ್ತರಕ್ಕೆ,
ಮಳೆಗಾಲದಲ್ಲಿ ಶಿರಿಯಾ ಹೊಳೆಯ ಸೇತುವೆಗೆ
ನೀರಿನ ಗುರುತು ಬರೆದ ಹಾಗೆ.
ಮೀನಿನ ಪೊರೆ ಎಣಿಸುವ ಪಾಠಕ್ಕಿಂತ ಮೊದಲು
ಅದನ್ನು ಕಲಿತೆ, ವಾರಕ್ಕೊಂದು ಲೋಟ.

ಸೋಲೋ ಅಂದರೆ ಒಂಟಿ.
ಅದು ಹೇಳಿಕೊಡದೆಯೇ ಬಂತು.
ಮಿತಾದ್ ಅಂದರೆ ಅರ್ಧಕ್ಕರ್ಧ.
ರಾಜ್ಯ ಕೇರಳ, ಮನೆಮಾತು ತುಳು, ಓದಿದ್ದು ಕನ್ನಡ
ಎಂದು ನಾನು ತುಂಬಿಸಿದ ಫಾರಮು ಹಿಡಿದು
ಆಫೀಸಿನ ಹೆಂಗಸು ಪೆನ್ನು ಕಚ್ಚಿಕೊಂಡು ಕೂತಿದ್ದಳು.
ಆಗ ಈ ಪದ ಗೊತ್ತಿದ್ದರೆ
ಹೇಳಿಬಿಡುತ್ತಿದ್ದೆ.

ಸೋಂಬ್ರಾ ಅಂದರೆ ನೆರಳು.
"ನೆರಳಾ?"
ಹೌದು ಮಮ್ಮುಂಞಿಚ್ಚ, ಹಾಲು ಜಾಸ್ತಿ, ಕಾಫಿಯ ನೆರಳು.
ನೆರಳು ಕೊಡಿ ಅಂದರೆ
ಲೋಟದಲ್ಲಿ ತಂದಿಡುವ ಊರು ಅದು.
ಮತ್ತೆ ಮೋಡ. ನೂಬೆ ಎನ್ನುತ್ತಾರೆ.
ಬರೀ ಹಾಲು, ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು.
ಜ್ವರ ಬಿಟ್ಟ ಮರುದಿನ ಅಮ್ಮ ಕೊಡುತ್ತಿದ್ದದ್ದೇ ಅದು,
ಹೆಸರಿರಲಿಲ್ಲ ಅಷ್ಟೆ.
ಪರೀಕ್ಷೆ ಕೆಟ್ಟ ದಿನ ಮೂರು ಮೋಡ ಕುಡಿದೆ.
ಅಲ್ಲಿಯ ಆಕಾಶದಲ್ಲಿ ಒಂದೂ ಇರಲಿಲ್ಲ.

ಮಮ್ಮುಂಞಿಚ್ಚ ಎದ್ದು
ಬೆಂಚಿನ ಮೇಲೆ ಲೋಟ ಸಾಲಿಟ್ಟರು.
ಕಾಫಿಪುಡಿ ಮುಗಿದಿತ್ತು, ಚಾಯದಲ್ಲೇ ಪ್ರಯೋಗ.
ಒಂದು ಅರ್ಧ, ಒಂದು ನೆರಳು,
ಮೋಡಕ್ಕೆ ಕೈ ತಪ್ಪಿ ಇನ್ನೊಂದು ನೆರಳೇ ಆಯಿತು.
ಉಪ್ಪಳದ ಪ್ಯಾಸೆಂಜರಿಗೆ ಕಾಯುತ್ತಿದ್ದ ಹುಡುಗರು
ಪುಕ್ಕಟೆ ಕುಡಿದು ಹೋದರು.

"ಹತ್ತನೇದು?"
ಅದು ಖಾಲಿ ಲೋಟ.
"ನನಗೆ ಹಾಕಬೇಡಿ" ಅಂತ ಅದರ ಹೆಸರು.
ತಮಾಷೆಗೆ ಬರೆದದ್ದು ಇರಬೇಕು,
ಯಾರೂ ಕೇಳಿದ್ದನ್ನು ನಾನು ನೋಡಲಿಲ್ಲ.

ಮಮ್ಮುಂಞಿಚ್ಚ ನಗಲಿಲ್ಲ.
ಗದ್ದದಲ್ಲಿ ಮೂಲೆಯ ಮೇಜು ತೋರಿಸಿದರು.
ಬಟ್ಯಪ್ಪಣ್ಣ. ಗೇಟು ಹಾಕುತ್ತಿದ್ದವರು,
ಮೇಲ್ಸೇತುವೆ ಬಂದ ಮೇಲೆ ಹಾಕಲು ಗೇಟಿಲ್ಲ.
ಡಾಕ್ಟರು ಚಾಯವನ್ನೂ ನಿಲ್ಲಿಸಿದ್ದಾರೆ.
ಆದರೂ ಗಾಡಿಯ ಹೊತ್ತಿಗೆ ಬರುತ್ತಾರೆ,
ಅವರೆದುರು ತೊಳೆದು ಒರೆಸಿದ ಲೋಟ.

"ದುಡ್ಡು?"
"ಕೂತದ್ದಕ್ಕೆ ದುಡ್ಡುಂಟಾ ಮಾರಾಯ್ತಿ?"

ಅಷ್ಟರಲ್ಲಿ ದೂರದಲ್ಲಿ ಕೂಗು.
ಮೇಜು ಮೆಲ್ಲಗೆ ನಡುಗತೊಡಗಿತು.
ಕೈಗಡಿಯಾರ ನೋಡಿ ಬಟ್ಯಪ್ಪಣ್ಣ
"ನಾಲ್ಕು ಮಿನಿಟು ಲೇಟು" ಎಂದು
ಲೋಟ ಗಲಗಲಿಸದ ಹಾಗೆ
ಅದರ ಬಾಯಿಯ ಮೇಲೆ ಅಂಗೈ ಇಟ್ಟರು.