ಹೊಗೆಯ ವಾರಸುದಾರರು

ಅಕ್ರಾದ ವಾಣಿಜ್ಯ ನ್ಯಾಯಾಲಯದಲ್ಲಿ ನಾನು ದುಭಾಷಿ.
ಗಾ ಭಾಷೆಯಲ್ಲಿ ಬಂದದ್ದನ್ನು ಇಂಗ್ಲಿಷಿಗೆ ದಾಟಿಸುವ ಕೆಲಸ.
ಸೇರಿಸುವಂತಿಲ್ಲ, ಬಿಡುವಂತಿಲ್ಲ,
ನಗು ಬಂದರೆ ಕೆಮ್ಮಬೇಕು.

ಇವತ್ತಿನ ದಾವೆ: ಹೊಗೆ ಯಾರದು?

ವಾದಿ, ಲಂಡನ್ನಿನ ಒಂದು ಕಂಪನಿ.
ಪ್ರಮಾಣಪತ್ರವಿದೆ, ಉಬ್ಬು ಮೊಹರಿದೆ.
ಇಪ್ಪತ್ತೈದನೆಯ ವರ್ಗ: ಅಂಗಿ, ಟೋಪಿ, ಪಾದರಕ್ಷೆ.
ಮೂವತ್ತೆರಡು: ತಂಪು ಪಾನೀಯ.
'ಹೊಗೆ' ಎಂಬ ಪದ, ಅದರ ಕೆಳಗೆ
ಎಡ ಮಣಿಕಟ್ಟಿನಿಂದ ಕಣ್ಣೊರೆಸಿಕೊಳ್ಳುವ
ಒಬ್ಬ ಮನುಷ್ಯನ ಕಪ್ಪು ನೆರಳು.

ಪ್ರತಿವಾದಿ, ಆ ನೆರಳಿನ ಮನುಷ್ಯ.
ಅಯಿಕ್ವೇ, ಬುಕೋಮಿನ ಬಾಕ್ಸರ್,
ನಲವತ್ತೊಂದು ವಯಸ್ಸು, ಒಂದು ಕಿವಿ ಮುದುಡಿದೆ.
ಮಾಡಿದ ತಪ್ಪು: ತನ್ನ ಗರಡಿಯ ಗೋಡೆಗೆ
ತನ್ನ ಹೆಸರು ಬರೆಸಿದ್ದು.
ನೀಲಿ ಬಣ್ಣ, ಅರ್ಧ ಡಬ್ಬಿ. ರಸೀದಿ ಹಾಜರಿದೆ.

"ಒಂಬತ್ತನೆಯ ಪುಟದ ಸಹಿ ನಿಮ್ಮದೇ?"
"ನನ್ನದೇ. ಗೆದ್ದ ರಾತ್ರಿ. ಎರಡೂ ಕಣ್ಣು ಊದಿದ್ದವು.
ಬೆರಳು ಹಿಡಿದು ತೋರಿಸಿದ ಕಡೆ ಹಾಕಿದೆ."
ದಾಟಿಸಿದೆ. ಈಚೆ ದಡ ಮುಟ್ಟುವಷ್ಟರಲ್ಲಿ
ಊತ ಸ್ವಲ್ಪ ಇಳಿದಿತ್ತು.

ನಾನು ಇಂಗ್ಲಿಷಿನಲ್ಲಿ ಹೊಗೆ ಎಂದಾಗಲೆಲ್ಲ
ಕಂಪನಿಯ ವಕೀಲ ಬ್ಯಾನರ್‌ಮನ್ ಎದ್ದು ನಿಂತು
ಅದು ನೋಂದಾಯಿತ ಪದವೆಂದು ಬರೆದುಕೊಳ್ಳಲು ಕೋರಿದರು.
ಹನ್ನೊಂದು ಸಲ.

ಆಮೇಲೆ ಸಾಕ್ಷಿಕಟ್ಟೆಗೆ ಶೋರ್ಮೆ ಬಂದಳು,
ಎಪ್ಪತ್ತೆಂಟರ ಮೀನು ಮಾರುವವಳು.
ಅವಳಿಗಿಂತ ಮುಂಚೆ ಅವಳ ವಾಸನೆ ಬಂತು,
ಹೊಗೆಯಲ್ಲಿ ಒಣಗಿಸಿದ ಬೂತಾಯಿಯದು.
ಎಸಿ ಅದನ್ನು ಕೋಣೆಗೆಲ್ಲ ಹಂಚಿತು,
ನ್ಯಾಯಾಧೀಶರಿಗೂ ಸಮಪಾಲು.

"ಈ ಹೆಸರನ್ನು ಮೊದಲು ಬಳಸಿದವರು ಯಾರು?"

"ಬಳಸುವುದೆಂದರೇನಪ್ಪ? ಕರೆದೆ.
ತಾಯಿ ಸತ್ತ ಹುಡುಗ, ನನ್ನ ಒಲೆಗಳ ನಡುವೆ ಮಲಗುತ್ತಿದ್ದ.
ಬೆಳಗ್ಗೆದ್ದು ಗುದ್ದಾಟ ಕಲಿಯಲು ಹೋದರೆ
ಉಳಿದ ಹುಡುಗರು ಮೂಗು ಮುಚ್ಚಿ
ಹೊಗೆ ಬಂತು, ಹೊಗೆ ಬಂತು ಅಂದರಂತೆ.
ಅಳುತ್ತ ಬಂದ. ಅವತ್ತಿನಿಂದ ನಾನೂ ಹಾಗೇ ಕರೆದೆ.
ಸಾಕಿದವಳು ಕರೆದರೆ ಬೈಗುಳವೂ ಹೆಸರಾಗುತ್ತದೆ."

"ಅದಕ್ಕೆ ದಾಖಲೆ?"

"ಓಗೊಟ್ಟನಲ್ಲ."

"ಆ ಭಂಗಿ? ಕಂಪನಿಯ ಕಲಾವಿದರು
ಏಳು ವಾರ ಕೂತು ರೂಪಿಸಿದ್ದು."

"ಒಲೆ ಮುಂದೆ ಕೂತವರೆಲ್ಲ ಹಾಗೇ ಒರೆಸಿಕೊಳ್ಳುವುದು.
ಅಂಗೈಯಲ್ಲಿ ಉಪ್ಪು, ಅದಕ್ಕೇ ಮಣಿಕಟ್ಟು.
ಬಲಗೈಯಲ್ಲಿ ಕಟ್ಟಿಗೆ, ಅದಕ್ಕೇ ಎಡ.
ನಮ್ಮ ಬೀದಿಯಲ್ಲಿ ನಲವತ್ತು ಒಲೆ ಇವೆ.
ಎಲ್ಲರನ್ನೂ ಇಲ್ಲಿಗೆ ಕರೆಸುತ್ತೀರಾ?
ಮೀನು ಸೀದುಹೋಗುತ್ತದೆ."

ಕೆಮ್ಮಿದೆ.

ಆಗ, ಪ್ರತಿವಾದಿಯ ಬೆಂಚಿನಲ್ಲಿ
ಅಯಿಕ್ವೇ ಎಡ ಮಣಿಕಟ್ಟು ಎತ್ತಿ
ಕಣ್ಣಿನ ಮೇಲೆ ಒಮ್ಮೆ ಎಳೆದುಕೊಂಡ.
ಬ್ಯಾನರ್‌ಮನ್ ಅರ್ಧ ಎದ್ದರು.
ಬೆರಳಚ್ಚಿನ ಹುಡುಗಿಯ ಕೈ ನಿಂತಿತು:
ಬರೆಯುವುದೋ ಬೇಡವೋ,
ಬರೆದರೆ ಏನೆಂದು?
ನನ್ನ ಮುಖ ನೋಡಿದಳು.
ನನ್ನನ್ನು ನೇಮಿಸಿರುವುದು ಮಾತಿಗೆ ಮಾತ್ರ.

ಮುಂದಿನ ವಿಚಾರಣೆ ಆರನೆಯ ತಾರೀಖು.
ಅಲ್ಲಿಯ ತನಕ ಗೋಡೆಗೆ ಗೋಣಿತಟ್ಟು ಇಳಿಬಿಡಬೇಕೆಂದು ಆದೇಶ.

ಸಂಜೆ ಜೇಮ್ಸ್‌ಟೌನಿನ ಕಡಲ ದಾರಿ ಹಿಡಿದೆ.
ಗೋಣಿ ಆಗಲೇ ಇಳಿದಿತ್ತು. ಗಾಳಿಗೆ ಒಂದು ಮೂಲೆ ಎದ್ದಾಗ
ನೀಲಿಯ ಕೊನೆಯ ಅಕ್ಷರ ಇಣುಕಿ ಒಳಗೆ ಹೋಗುತ್ತಿತ್ತು.
ಅದರ ಬುಡದಲ್ಲಿ ಹುಡುಗರ ಗುದ್ದಾಟ,
ಮೈಮೇಲೆ ಕಾಗುಣಿತ ತಪ್ಪಿದ ಅಗ್ಗದ ಹೊಗೆ ಅಂಗಿಗಳು,
ಯಾವ ಕಂಪನಿಯದೂ ಅಲ್ಲದವು.

ಒಲೆಗಳು ಹೊತ್ತಿದ್ದವು. ಗಾಳಿ ನನ್ನ ಕಡೆಗೇ.
ಕಣ್ಣು ಉರಿಯಿತು.
ಎಡಗೈ ತಾನಾಗಿ ಎದ್ದಿತು,
ಎದೆಯ ಮಟ್ಟದಲ್ಲಿ ನಿಂತಿತು.

ಯಾರಾದರೂ ನೋಡುತ್ತಿದ್ದಾರೆಯೇ ಎಂದು
ಒಮ್ಮೆ ಹಿಂದಕ್ಕೆ ತಿರುಗಿ ನೋಡಿದೆ.