ಸೋಮವಾರದ ಅದಲುಬದಲು

ಹೊಸೂರಿಗೆ ಹತ್ತಿರ, ಮತ್ತಿಗಿರಿಯ ಆಚೆ,
ನೀಲಗಿರಿ ತೋಪಿನ ಹಿಂದೆ ತಗಡಿನ ಶೆಡ್ಡು.
ಎಡಕ್ಕೆ ಇಪ್ಪತ್ತು ಪಂಜರ, ಬಲಕ್ಕೆ ಇಪ್ಪತ್ತು,
ಪಂಜರಕ್ಕೆ ಐದು ಕೋಳಿ, ಕಾಲಿಗೆ ಬಣ್ಣದ ಬಳೆ.
ಬಲಗಡೆಯವನ್ನು ಮುಟ್ಟುವಂತಿಲ್ಲ.
ಎಡಗಡೆಯವನ್ನು ಪ್ರತಿ ಸೋಮವಾರ
ನಾನೇ ಅದಲುಬದಲು ಮಾಡಬೇಕು,
ಇಲ್ಲಿಯದು ಅಲ್ಲಿಗೆ, ಗುರುತಿಲ್ಲದವರ ನಡುವೆ.
ಪೂಂಗೊಡಿ ಮೇಡಂ ಪಟ್ಟಿ ಬರೆಯುವುದು ತಮಿಳಲ್ಲಿ.
ನನಗೆ ಓದಲು ಬರುವುದು ಅಂಕಿಗಳಷ್ಟೇ. ಸಾಕು.

ಹೊಸಬಳು ಬಂದ ಕೂಡಲೇ ಯಾರೂ ಕೂಗುವುದಿಲ್ಲ.
ಮೊದಲು ಒಂದು ನೋಟ, ಓರೆಯಾಗಿ
(ಕೋಳಿಗೆ ಬೇರೆ ನೋಟ ಎಲ್ಲಿದೆ).
ಆಮೇಲೆ ನೆತ್ತಿಗೊಂದು ಕುಟುಕು.
ಸೈರನ್ ಕೂಗಿ ಫ್ಯಾಕ್ಟರಿ ಬಿಡುವ ಹೊತ್ತಿಗೆ
ಎಲ್ಲ ತೀರ್ಮಾನವಾಗಿರುತ್ತದೆ:
ಮೊದಲು ತಿನ್ನುವವಳು ಯಾರು,
ನೀರಿನ ಬಳಿ ಕತ್ತು ತಗ್ಗಿಸಿ ಕಾಯುವವಳು ಯಾರು,
ಯಾರ ಬೆನ್ನಿನ ಪುಕ್ಕ ಯಾರ ಕೊಕ್ಕಲ್ಲಿ.

ಪೆಟ್ಟು ನೆತ್ತಿಗೆ, ಸುದ್ದಿ ಹೋಗುವುದು ಬೆನ್ನಿನೊಳಕ್ಕೆ.
ಮೇಡಂ ಒಮ್ಮೆ ಮೇಜಿನ ಮೇಲೆ ಬಿಚ್ಚಿ ತೋರಿಸಿದರು.
ಸುಲಿದ ಕಡಲೆಬೀಜದಷ್ಟು ಮಿದುಳು,
ಅದರ ಅಡಿಯಿಂದ ಒಂದು ಸಣ್ಣ ಮಾತು
ರಕ್ತದಲ್ಲಿ ತೇಲುತ್ತಾ ಇಳಿದು ಮುಟ್ಟುವುದು
ಮೂತ್ರಪಿಂಡದ ತಲೆಗೆ ಅಂಟಿದ ಎರಡು ಹಳದಿ ಗ್ರಂಥಿ.
ಅಡ್ರಿನಲ್ ಅಂದರು. ನಾನು ಮನಸ್ಸಲ್ಲೇ
ತೊಗರಿಬೇಳೆ ಅಂತ ಹೆಸರಿಟ್ಟೆ.

ಆ ಬೇಳೆ ಸುರಿಸುವುದು ಓಡು ಓಡು ಅನ್ನುವ ರಸ.
ಪಂಜರದಲ್ಲಿ ಎಲ್ಲಿಗಂತ ಓಡುವುದು?
ಓಡದೆ ಉಳಿದ ಓಟವೆಲ್ಲ ಒಳಗೇ ಕೂತು
ಬೇಳೆ ಊದುತ್ತದೆ, ರಾತ್ರಿ ನೆನೆಹಾಕಿದಂತೆ.
ಕೊರಳ ಎರಡೂ ಪಕ್ಕ ಮಣಿ ಪೋಣಿಸಿದ ಹಾಗಿರುವ,
ರೋಗ ಕಾಯುವ ಗ್ರಂಥಿ ಮಾತ್ರ
ಕರಗಿ ಕರಗಿ
ಕಡೆಗೆ ದಾರವಷ್ಟೇ.

ನನ್ನದು ತೂಗುವ ಕೆಲಸ.
ಗಾಜಿನ ಬಾಗಿಲ ತಕ್ಕಡಿ, ಉಸಿರು ತಾಗಿದರೂ ಅಂಕಿ ನಡುಗುತ್ತದೆ.
ಉಸಿರು ಬಿಗಿಹಿಡಿದು ಓದುತ್ತೇನೆ,
ಮುನಿರೆಡ್ಡಿ ಬರೆದುಕೊಳ್ಳುತ್ತಾನೆ.

ಎಡಗಡೆ, ಕುಟುಕಿಸಿಕೊಂಡವಳ ಬೇಳೆ ಭಾರ.
ಅದು ಗೊತ್ತಿದ್ದದ್ದೇ.
ಕುಟುಕಿದವಳದೂ ಭಾರ! ಮತ್ತೆ ತೂಗಿದೆ. ಭಾರವೇ.
ವಾರವಾರವೂ ಹೊಸದಾಗಿ ಗೆಲ್ಲಬೇಕಲ್ಲ, ಪಾಪ.
ಬಲಗಡೆ, ಯಾರೂ ಕೈಹಾಕದ ಪಂಜರಗಳಲ್ಲಿ
ಕಟ್ಟಕಡೆಯವಳದು ಕೂಡ ಹಗುರ.
ಮೇಡಂ ಮುಖ ಅರಳಿತು.
"ತನ್ನ ಜಾಗ ಯಾವುದು ಅಂತ ಗೊತ್ತಾದರೆ
ಮೈ ತಣ್ಣಗಾಗುತ್ತೆ, ಚೌಡಮ್ಮ."

ಜಾಗ ಗೊತ್ತಾದರೆ.
ಕೈಗವಸು ಬಿಚ್ಚುತ್ತಿದ್ದವಳು ಹಾಗೇ ನಿಂತೆ.
ನಮ್ಮಜ್ಜಿಗೆ ಜಾಗ ಗೊತ್ತಿತ್ತು.
ಗೌಡರ ಜಗುಲಿಯಿಂದ ಎಷ್ಟು ಮಾರು ದೂರ
ಅನ್ನುವುದು ಅವಳ ಹಿಮ್ಮಡಿಗೇ ಗೊತ್ತಿತ್ತು.
ಅವಳಿಗೆ ಯಾರೂ ಹೊಡೆದದ್ದನ್ನು ನಾನು ನೋಡಿಲ್ಲ.
ತಣ್ಣನೆ ಹೆಂಗಸು, ಅಂತಿತ್ತು ಊರು.
ನಲವತ್ತೆರಡಕ್ಕೆ ಹೋದಳು, ಒಂದು ಜ್ವರಕ್ಕೆ.
ಅವಳ ಬೇಳೆಯನ್ನು ತೂಗಿದವರು ಯಾರು?

ಕೇಳಬಹುದಿತ್ತು. ನನ್ನದು ದಿನಗೂಲಿ.
ತಟ್ಟೆ ತೊಳೆದೆ, ಪುಕ್ಕ ಗುಡಿಸಿದೆ,
ದೀಪ ಆರಿಸುವ ಮುಂಚೆ
ಬಲಗಡೆ ಒಂದು ಸುತ್ತು ಹೋಗಿಬಂದೆ.
ಹದಿನೇಳನೇ ಪಂಜರ, ಹಳದಿ ಬಳೆಯವಳು,
ಜುಟ್ಟು ಬಿಳಿಚಿದವಳು.
ಬೇರೆ ನಾಲ್ಕೂ ಆ ಮೂಲೆಯಲ್ಲಿ ನಿದ್ದೆ ಹೋಗಿವೆ.
ಇವಳು ನೀರಿಗೆ ಬಂದಳು.
ಕೊಕ್ಕು ಅದ್ದಿದಳು, ಒಂದೇ ಗುಟುಕು,
ತಟ್ಟನೆ ಪಕ್ಕಕ್ಕೆ ಸರಿದು
ದಾರಿ ಬಿಟ್ಟು ನಿಂತಳು.

ಹಿಂದೆ ಯಾರೂ ಬಂದಿರಲಿಲ್ಲ.